ಕಾಡಿಲಿಯ ರಕ್ತದಲ್ಲಿ ಸಿಕ್ಕಿದ್ದನ್ನು ‘ಹೊಸದು’ ಎನ್ನುವ ಮುನ್ನ

100 ಗ್ರಾಂ ತೂಗುವ ಕಾಡಿಲಿಯ ಮೈಯಲ್ಲಿರುವ ರಕ್ತವನ್ನೆಲ್ಲ ಒಟ್ಟು ಮಾಡಿದರೂ ಸುಮಾರು 7 ಮಿಲಿಲೀಟರ್. ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆದರೆ ಪ್ರಾಣಿ ಸೊರಗುತ್ತದೆ. ಅಂದರೆ ನಮಗೆ ದಕ್ಕುವುದು 0.7 ಮಿಲಿಲೀಟರ್, 20 ಗ್ರಾಂನ ಚಿಟ್ಟಿಲಿಯಾದರೆ ಬರೀ 0.14. ಸ್ಲೈಡಿಗೆ ಒಂದು ಹನಿ, ಡಿಎನ್‌ಎಗೆ ಒಂದಿಷ್ಟು, ಕಲ್ಚರ್‌ಗೆ, ಅಂದರೆ ತಟ್ಟೆಯಲ್ಲಿ ಬೆಳೆಸಲು, ಒಂದಿಷ್ಟು, ನಾಳೆ ಯಾರಾದರೂ ‘ಇನ್ನೊಮ್ಮೆ ತೋರಿಸಿ’ ಎಂದರೆ ತೋರಿಸಲು ಎತ್ತಿಟ್ಟದ್ದು ಒಂದಿಷ್ಟು. ಎಲ್ಲವೂ ಇದರಲ್ಲೇ ಆಗಬೇಕು. ಕಾಡುಪ್ರಾಣಿಗಳ ರಕ್ತದಲ್ಲಿ ಹೊಸ ಬ್ಯಾಕ್ಟೀರಿಯಾ ಗುರುತಿಸುವ ಕೆಲಸ ಎಂದೊಡನೆ ದೊಡ್ಡ ಯಂತ್ರಗಳ ಮಾತು ಬರುತ್ತದೆ. ನಮ್ಮ ಲೆಕ್ಕದಲ್ಲಿ ಆ ಕೆಲಸ ಕೆಡುವುದು ಯಂತ್ರದ ಮುಂದೆ ಅಲ್ಲ, ಈ ಹನಿ ತೆಗೆದ ಮೊದಲ ಅರ್ಧ ಗಂಟೆಯಲ್ಲಿ.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆ ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಶೋಲಾ ಕಾಡಿನ ಅಂಚಿಗೆ ಏಲಕ್ಕಿ, ಅದರ ಕೆಳಗೆ ಕಾಫಿ, ಕಾಫಿಯ ನಡುವೆ ಕೆಲಸಗಾರರ ಲೈನ್ ಮನೆಗಳು, ಮನೆಯ ಹಿಂದೆ ಸೌದೆ ಕೊಟ್ಟಿಗೆ. ಇಲಿ, ಹೆಗ್ಗಣ, ಸುಂಡಿಲಿಗಳಿಗೆ ಇದೆಲ್ಲ ಒಂದೇ ಊರು. ಹಾಸನ ಜಿಲ್ಲೆಯ ಕಾಡುಮನೆ ಸುತ್ತಮುತ್ತ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು (ಎನ್‌ಸಿಬಿಎಸ್) ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 8 ಜಾತಿಯ 141 ಸಣ್ಣ ಸಸ್ತನಿಗಳನ್ನು ನೋಡಿದರು. 5 ಜಾತಿಗಳಲ್ಲಿ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಪರೀಕ್ಷಿಸಿದ ಪ್ರಾಣಿಗಳಲ್ಲಿ ಶೇ. 52.5ರಷ್ಟರ ಮೈಯಲ್ಲಿ ಅದಿತ್ತು. ಗುರುತಿಸಿದ 7 ವಂಶಗಳಲ್ಲಿ 5, ಮನುಷ್ಯರಿಗೂ ದಾಟಬಲ್ಲವು ಎಂದು ಶಂಕಿಸಲಾದ ಜಾತಿಗಳಿಗೆ ಹತ್ತಿರದವು. ಇಲಿಗಳ ಮೈಮೇಲಿನ ನುಸಿಗಳಲ್ಲೂ ಅವೇ ಸಿಕ್ಕವು. ಇಷ್ಟೆಲ್ಲ ಕೈಯಲ್ಲಿದ್ದೂ ಬರೆದವರು ‘ಇವು ರೋಗ ತರುತ್ತವೆಯೇ ಎಂಬುದು ಇನ್ನೂ ತಿಳಿಯಬೇಕು’ ಎಂಬಲ್ಲಿಗೆ ನಿಂತರು. ಆ ನಿಲ್ಲುವಿಕೆಯನ್ನು ನಾವು ಬಹಳ ಗೌರವಿಸುತ್ತೇವೆ. ಇಲಿಯ ಮಟ್ಟಿಗೆ ಬಾರ್ಟೊನೆಲ್ಲಾ ಹೊಸದೇನಲ್ಲ, ಎಷ್ಟೋ ಸಾವಿರ ತಲೆಮಾರುಗಳಿಂದ ಜೊತೆಗಿರುವುದು. ಹೊಸದಾಗಿರುವುದು ನಮ್ಮ ಅರಿವಿಗೆ. ನಮ್ಮ ಅರಿವು ಎಷ್ಟು ಗಟ್ಟಿ ಎಂಬುದನ್ನು ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾಗುತ್ತದೆ.

ರಕ್ತದಲ್ಲಿ ಯಾರು ಎಲ್ಲಿರುತ್ತಾರೆ ಎಂಬುದು ಮೊದಲು ತಿಳಿದಿರಬೇಕು. ಬಾರ್ಟೊನೆಲ್ಲಾ ಕೆಂಪು ರಕ್ತಕಣದ ಒಳಗೆ ಹೊಕ್ಕು ಕೂರುತ್ತದೆ. ಹೀಮೊಪ್ಲಾಸ್ಮಾ ಎಂದು ಕರೆಯುವ ಮೈಕೊಪ್ಲಾಸ್ಮಾಗಳು ಸಾಮಾನ್ಯವಾಗಿ ಒಳಗೆ ಹೋಗುವುದಿಲ್ಲ, ಕಣದ ಹೊರಮೈಗೆ ಅಂಟಿಕೊಂಡಿರುತ್ತವೆ. ಅವಕ್ಕೆ ಕೋಶಭಿತ್ತಿಯೇ ಇಲ್ಲ. ದನ ಸಾಕುವವರಿಗೆ ಗೊತ್ತಿರುವ ಅನಾಪ್ಲಾಸ್ಮಾ ಮಾರ್ಜಿನೇಲ್ ಕೆಂಪು ಕಣದ ಅಂಚಿನಲ್ಲಿ ಚುಕ್ಕೆಯಂತೆ ಕಾಣುತ್ತದೆ; ದಕ್ಷಿಣ ಆಫ್ರಿಕಾದಲ್ಲಿ ಆರ್ನಾಲ್ಡ್ ಥೈಲರ್ ಅದನ್ನು 1910ರಲ್ಲಿ ವಿವರಿಸಿದರು. ಎರ್ಲಿಕಿಯಾ ಬೇಕಾದರೆ ಬಿಳಿ ರಕ್ತಕಣಗಳಲ್ಲಿ ಹುಡುಕಬೇಕು. ಇಲಿ ಜ್ವರದ ಲೆಪ್ಟೊಸ್ಪೈರಾವನ್ನು ಇಲಿಯ ರಕ್ತದಲ್ಲಿ ಹುಡುಕುವುದು ವ್ಯರ್ಥ ಶ್ರಮ. ಅದನ್ನು ಹೊತ್ತು ತಿರುಗುವ ಇಲಿಯಲ್ಲಿ ಅದು ಮೂತ್ರಪಿಂಡದಲ್ಲಿರುತ್ತದೆ, ಮೂತ್ರದ ಮೂಲಕ ಹೊರಗೆ ಬರುತ್ತದೆ. ರಕ್ತದಲ್ಲಿ ಸಿಗಲಿಲ್ಲ ಎಂದು ‘ನಮ್ಮ ತೋಟದಲ್ಲಿ ಇಲಿ ಜ್ವರ ಇಲ್ಲ’ ಎಂದುಕೊಂಡರೆ ಅಪಾಯ.

ಮಂಗನ ಕಾಯಿಲೆ ಬೇರೆಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಅದು ವೈರಸ್, ಬ್ಯಾಕ್ಟೀರಿಯಾ ಅಲ್ಲ. ಆದರೂ ನಮ್ಮ ಕೆಲಸವನ್ನು ಅದು ನೇರವಾಗಿ ಮುಟ್ಟುತ್ತದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಕಾಡಿನಲ್ಲಿ ಉಣುಗು ಹೊತ್ತ ಇಲಿ, ಸುಂಡಿಲಿಗಳ ಮೈಯಲ್ಲೂ ಆ ವೈರಸ್ ಇರಬಹುದು. ಡಿಸೆಂಬರ್‌ನಿಂದ ಮೇ ತನಕದ ಉಣುಗಿನ ಕಾಲದಲ್ಲಿ ತೆಗೆದ ರಕ್ತವನ್ನು ಸಾಮಾನ್ಯ ಲ್ಯಾಬಿನ ಮೇಜಿನ ಮೇಲೆ ಹಾಗೇ ತೆರೆಯಬಾರದು. ಡಿಎನ್‌ಎಗೆ ಬೇಕಾದ ಪಾಲನ್ನು ಕಾಡಿನಲ್ಲೇ ಲೈಸಿಸ್ ಬಫರಿಗೆ, ಅಂದರೆ ಕಣಗಳನ್ನು ಒಡೆದು ಡಿಎನ್‌ಎ ಹೊರತರುವ ದ್ರಾವಣಕ್ಕೆ, ಹಾಕಿಬಿಡುವುದು ಒಳ್ಳೆಯದು. ಅಪಾಯ ಪೂರ್ತಿ ಹೋಗುವುದಿಲ್ಲ, ಬಹಳ ತಗ್ಗುತ್ತದೆ. ಒಂದು ಎಚ್ಚರ ಇಲ್ಲೇ ಹೇಳಬೇಕು: ಗ್ವಾನಿಡಿನ್ ಎಂಬ ರಾಸಾಯನಿಕ ಇರುವ ಆ ಬಫರ್ ಚೆಲ್ಲಿದ ಜಾಗಕ್ಕೆ ಬ್ಲೀಚ್ ಸುರಿಯಬಾರದು. ಎರಡೂ ಸೇರಿದರೆ ವಿಷಾನಿಲ ಏಳುತ್ತದೆ. ಮೊದಲು ನೀರು, ಸೋಪಿನಲ್ಲಿ ಒರೆಸಬೇಕು.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇವೆ. ಕಾಡಿನೊಳಗೆ ಪ್ರಾಣಿ ಹಿಡಿಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ತೋಟವಾದರೆ ಮಾಲೀಕರ ಜೊತೆಗೆ ಲೈನ್ ಮನೆಯವರನ್ನೂ ಕೇಳಬೇಕು. ಬೋನು ಅವರ ಅಂಗಳದಲ್ಲಿ ಇರುತ್ತದೆ, ಅವರ ಮಕ್ಕಳು ಅಲ್ಲಿ ಓಡಾಡುತ್ತಾರೆ.

ಬೋನು ಎಂದರೆ ಶೆರ್ಮನ್ ಬೋನು: ಮಡಚಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ, ಸುಮಾರು 23 ಸೆಂ.ಮೀ. ಉದ್ದ, 9 ಎತ್ತರ, 7.5 ಅಗಲ. ಬಯಲಿನಲ್ಲಿ ಇಟ್ಟರೆ ಏನೂ ಬೀಳದು. ಧರೆಯ ಬುಡ, ಬಿದ್ದ ಮರದ ಪಕ್ಕ, ಬೇರಿನ ಸಂದು, ಸೌದೆ ರಾಶಿಯ ಮಗ್ಗುಲು, ಹೀಗೆ ಇಲಿ ಓಡಾಡುವ ಜಾಡಿನಲ್ಲಿ 10 ಮೀಟರಿಗೊಂದರಂತೆ ಇಡಬೇಕು. ಆಮಿಷಕ್ಕೆ ಎಲ್ಲೆಡೆ ಕಡಲೆಕಾಯಿ ಬೆಣ್ಣೆಗೆ ಓಟ್ಸ್ ಕಲಸುತ್ತಾರೆ. ನಮ್ಮಲ್ಲಿ ಸುಟ್ಟ ಕೊಬ್ಬರಿ ಚೂರಿಗೆ ಇಲಿ ಬಾರದೆ ಇರುವುದಿಲ್ಲ. ಸುಂಡಿಲಿ ಹುಳ ತಿನ್ನುವ ಪ್ರಾಣಿ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೆ ಬೋನಿನಲ್ಲೇ ಸಾಯುತ್ತದೆ. ಅದು ಬೀಳುವ ಜಾಗದಲ್ಲಿ ಒಣಮೀನಿನ ಚೂರು ಇಟ್ಟು, ರಾತ್ರಿಯಲ್ಲೂ ಮೂರು–ನಾಲ್ಕು ಗಂಟೆಗೊಮ್ಮೆ ಹೋಗಿ ನೋಡಬೇಕು. ಮಳೆ, ಮಂಜಿನ ರಾತ್ರಿ ಲೋಹದ ಪೆಟ್ಟಿಗೆ ತಣ್ಣಗೆ ಕೊರೆಯುತ್ತದೆ. ಒಳಗೆ ಹತ್ತಿ ಅಥವಾ ಒಣ ಹುಲ್ಲು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು. ಜಡಿಮಳೆಯ ಜುಲೈನಲ್ಲಿ ಬೋನು ಇಡದಿರುವುದೇ ಪ್ರಾಣಿಗೆ ಮಾಡುವ ಉಪಕಾರ.

ರಕ್ತ ತೆಗೆಯುವುದು ತರಬೇತಾದ ಕೈಯ ಕೆಲಸ. ಐಸೊಫ್ಲುರೇನ್ ಕೊಟ್ಟು ಮಂಪರು ಬರಿಸಿ, ಬಾಲದ ಅಥವಾ ಹಿಂಗಾಲಿನ ರಕ್ತನಾಳದಿಂದ ತೆಗೆಯುತ್ತಾರೆ. ಚರ್ಮಕ್ಕೆ ಸ್ಪಿರಿಟ್ ಹಚ್ಚಿದ ಮೇಲೆ ಅದು ಪೂರ್ತಿ ಆರುವ ತನಕ ಕಾಯಬೇಕು. ಹಸಿ ಸ್ಪಿರಿಟ್ ರಕ್ತಕಣಗಳನ್ನು ಒಡೆಯುತ್ತದೆ. ಸ್ಪಿರಿಟ್ಟನ್ನೇ ಹಚ್ಚದಿದ್ದರೆ ಚರ್ಮದ ಬ್ಯಾಕ್ಟೀರಿಯಾ ರಕ್ತದ್ದೆಂಬ ವೇಷ ಹಾಕಿಕೊಂಡು ಲ್ಯಾಬಿಗೆ ಬರುತ್ತದೆ. ಟ್ಯೂಬು ನೇರಳೆ ಮುಚ್ಚಳದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವಂಥದ್ದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಬೇಡ, ಹೆಪಾರಿನ್ ಮುಂದೆ, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆಯನ್ನು ತಡೆಯುತ್ತದೆ. 3 ಮಿಲಿಲೀಟರಿನ ಟ್ಯೂಬಿನಲ್ಲಿ ಕಾಲು ಮಿಲಿಲೀಟರ್ ರಕ್ತ ಹಾಕುವುದೂ ತಪ್ಪೇ. ಇಡಿಟಿಎ ಅತಿಯಾಗಿ ಕಣಗಳು ಮುದುಡುತ್ತವೆ, ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಮ್ ಅನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಮಿಲಿಲೀಟರಿನ ಪುಟ್ಟ ಟ್ಯೂಬುಗಳು ಸಿಗುತ್ತವೆ, ಅವನ್ನೇ ಒಯ್ಯಬೇಕು.

ಸ್ಲೈಡು ಮಾತ್ರ ಅಲ್ಲೇ, ಆಗಲೇ ಆಗಬೇಕು. ಇದಕ್ಕೆ ಗಟ್ಟಿ ಕಾರಣವಿದೆ. ಇಡಿಟಿಎ ರಕ್ತ ಕೆಲವು ಗಂಟೆ ಇದ್ದರೆ ಹೀಮೊಪ್ಲಾಸ್ಮಾಗಳು ಕೆಂಪು ಕಣದ ಮೇಲಿನಿಂದ ಕಳಚಿ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ತೇಲುತ್ತವೆ; ಆಮೇಲೆ ಅವನ್ನೂ ಕಸವನ್ನೂ ಬೇರ್ಪಡಿಸಿ ಗುರುತಿಸಲಾಗದು. ಮಲೆನಾಡಿನ ತೇವದಲ್ಲಿ ಸ್ಲೈಡು ನಿಧಾನವಾಗಿ ಆರುತ್ತದೆ, ಕಣಗಳ ಅಂಚು ಮುಳ್ಳುಮುಳ್ಳಾಗುತ್ತದೆ. ಬೀಸಣಿಗೆಯಲ್ಲಿ ಗಾಳಿ ಹಾಕಿ ಬೇಗ ಆರಿಸಬೇಕು. ಆರಿದ ಸ್ಲೈಡನ್ನು ತೆರೆದಿಟ್ಟರೆ ನೊಣ, ಇರುವೆ ಬಂದು ರಕ್ತ ತಿಂದು ಹೋಗುತ್ತವೆ, ಸಂಜೆ ನೋಡಿದರೆ ಗಾಜಷ್ಟೇ ಉಳಿದಿರುತ್ತದೆ. ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ ಅದ್ದಬೇಕು. ಆ ಮೆಥನಾಲ್ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವ ಹೀರಿಕೊಂಡು, ಪ್ರತಿ ಕಣದಲ್ಲೂ ಹುಳು ಕೊರೆದಂತೆ ತೂತು ಕಾಣಿಸುತ್ತದೆ. ಹೊಸಬರು ಆ ತೂತುಗಳಲ್ಲೇ ಹೊಸ ಜೀವಿ ಕಂಡುಬಿಡುತ್ತಾರೆ. ಗೀಮ್ಸಾ ಬಣ್ಣ ಒಂದಕ್ಕೆ ಒಂಬತ್ತು ಪಾಲು ಬಫರ್, ಪಿಎಚ್ 7.2, 30 ನಿಮಿಷ. ನಲ್ಲಿ ನೀರಿನಲ್ಲಿ ಬಣ್ಣ ಕಲಸಬಾರದು. ಬಣ್ಣವನ್ನು ಸೋಸದೆ ಬಳಸಲೂಬಾರದು.

100 ಗ್ರಾಂನ ಇಲಿಯಾದರೆ, ಉಳಿದ ರಕ್ತದಲ್ಲಿ 100 ಮೈಕ್ರೊಲೀಟರ್ ಲೈಸಿಸ್ ಬಫರಿಗೆ, ಇನ್ನೊಂದು 100 ಕಲ್ಚರ್‌ಗೆಂದು ದ್ರವ ಸಾರಜನಕ ಅಥವಾ ಒಣ ಮಂಜುಗಡ್ಡೆಗೆ, ಎರಡು ಹನಿ ಫಿಲ್ಟರ್ ಕಾಗದದ ಮೇಲೆ. ಕಾಗದ ಪೂರ್ತಿ ಆರಿದ ನಂತರವೇ ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹೋಗಬೇಕು. ಹಸಿಯಾಗಿ ಹೋದರೆ ಮೂರೇ ದಿನಕ್ಕೆ ಬೂಷ್ಟು. ಚಿಗಟ, ನುಸಿ, ಹೇನು, ಉಣುಗುಗಳನ್ನು ಪ್ರತಿ ಪ್ರಾಣಿಗೂ ಬೇರೆ ಸೀಸೆಯಲ್ಲಿ ಮದ್ಯಸಾರಕ್ಕೆ ಹಾಕಬೇಕು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಇಳಿಬಿಡಬೇಕು. ಮಾರ್ಕರ್ ಶಾಯಿ ಮದ್ಯಸಾರದ ಒಂದು ಹನಿ ತಾಗಿದರೂ ಅಳಿಸಿ ಹೋಗುತ್ತದೆ.

ಕಾಟಿ, ಆನೆ, ಪುನುಗು ಬೆಕ್ಕು, ಮುಳ್ಳುಹಂದಿಯಂಥವನ್ನು ಹೀಗೆ ಹಿಡಿಯಲಾಗದು, ಹಿಡಿಯಲೂಬಾರದು. ಆಲೂರು–ಸಕಲೇಶಪುರ ಕಡೆ ರೇಡಿಯೊ ಕಾಲರ್ ಹಾಕಲು ಆನೆಗೆ ಅರಿವಳಿಕೆ ಕೊಟ್ಟಾಗ ಪಶುವೈದ್ಯರು ಕಿವಿಯ ರಕ್ತನಾಳದಿಂದ ರಕ್ತ ತೆಗೆಯಬಲ್ಲರು. ಅದೇ ರಕ್ತದಲ್ಲಿ ಒಂದು ಪಾಲು ಕೇಳಿಕೊಳ್ಳಬಹುದು. ಚಾರ್ಮಾಡಿ, ಶಿರಾಡಿಯಂಥ ಘಟ್ಟದ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯಾದರೆ, ಹೆಪ್ಪುಗಟ್ಟಿದ ರಕ್ತಕ್ಕಿಂತ ಗುಲ್ಮ ಮೇಲು. ಅಕ್ಕಿ ಕಾಳಿನಷ್ಟು ಚೂರು, ಅದರ ಹತ್ತು ಪಟ್ಟು ಮದ್ಯಸಾರ. ಸತ್ತು ಹೆಚ್ಚು ಹೊತ್ತಾಗಿದ್ದರೆ ಕರುಳಿನ ಬ್ಯಾಕ್ಟೀರಿಯಾ ಮೈಯೆಲ್ಲ ಹರಡಿರುತ್ತವೆ. ಆಗ ಸಿಗುವ ಕ್ಲಾಸ್ಟ್ರಿಡಿಯಮ್ ರಕ್ತದ ನಿವಾಸಿಯಲ್ಲ, ಕೊಳೆಯುವಿಕೆಯ ಗುರುತು.

ಸೂಕ್ಷ್ಮದರ್ಶಕದಲ್ಲಿ ಎಣ್ಣೆ ಹಾಕಿ 100 ಪಟ್ಟಿನ ಮಸೂರದಲ್ಲಿ ನೋಡಿದರೂ ಬಾರ್ಟೊನೆಲ್ಲಾ ಕಾಣಿಸುವುದು ಅಪರೂಪ. ಹೀಮೊಪ್ಲಾಸ್ಮಾ ಒಂದು ಮೈಕ್ರಾನ್‌ಗಿಂತ ಚಿಕ್ಕ ಚುಕ್ಕೆ, ಕೆಲವೊಮ್ಮೆ ಉಂಗುರ, ಕೆಲವೊಮ್ಮೆ ಸರ. ಬಣ್ಣದ ಕಸ, ಹೊವೆಲ್–ಜಾಲಿ ಕಣ (ಕೆಂಪು ಕಣದಲ್ಲಿ ಉಳಿದುಹೋದ ನ್ಯೂಕ್ಲಿಯಸ್ ಚೂರು), ರಕ್ತಹೀನ ಪ್ರಾಣಿಯ ಎಳೆಯ ಕಣಗಳಲ್ಲಿ ಬರುವ ನೀಲಿ ಚುಕ್ಕೆ, ಮೂರೂ ಅದರಂತೆಯೇ. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಕಸ ಕಣಕ್ಕಿಂತ ಬೇರೆ ಮಟ್ಟದಲ್ಲಿ ಹೊಳೆಯುತ್ತದೆ. ಕಣಗಳ ನಡುವಿನ ಖಾಲಿ ಜಾಗದಲ್ಲೂ ಇರುತ್ತದೆ. ಜೊತೆಗೆ ಬಬೇಸಿಯಾ, ಟ್ರಿಪನೊಸೋಮಾ, ಹೆಪಟೋಜೂನ್‌ನಂಥ ಏಕಕೋಶ ಪರೋಪಜೀವಿಗಳೂ ಅದೇ ಸ್ಲೈಡಿನಲ್ಲಿ ಕಾಣಬಹುದು, ಅವು ಬ್ಯಾಕ್ಟೀರಿಯಾ ಅಲ್ಲ. ಕಣ್ಣಿನ ಸಾಕ್ಷ್ಯ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಹೀಮೊಪ್ಲಾಸ್ಮಾಗಳ ಹೆಸರೇ ಉದಾಹರಣೆ. ದಶಕಗಳ ಕಾಲ ಅವನ್ನು ಹೀಮೊಬಾರ್ಟೊನೆಲ್ಲಾ, ಎಪೆರಿತ್ರೊಜೂನ್ ಎಂಬ ಹೆಸರಿನಲ್ಲಿ ರಿಕೆಟ್ಸಿಯಾ ಎಂಬ ಬೇರೆಯೇ ಬ್ಯಾಕ್ಟೀರಿಯಾಗಳ ಬಳಗಕ್ಕೆ ಸೇರಿಸಿದ್ದರು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಗುರುತು ಹಿಡಿಯಲು ಬಳಸುವ 16ಎಸ್ ಜೀನ್ ಓದಿದ ಮೇಲೆ ಅವು ಮೈಕೊಪ್ಲಾಸ್ಮಾ ಎಂದು ತಿಳಿಯಿತು. ಹಾಗೆಂದು ಸ್ಲೈಡು ಬೇಡ ಎನ್ನಲಾರೆವು. ಪಿಸಿಆರ್ ‘ಇದೆ’ ಎಂದಾಗ ಅದು ಕಣದಲ್ಲಿ ಎಲ್ಲಿದೆ ಎಂದು ತೋರಿಸಬಲ್ಲದ್ದು ಸ್ಲೈಡು.

ಡಿಎನ್‌ಎ ತೆಗೆಯುವಾಗ ಪ್ರತಿ ತಂಡದ ಸ್ಯಾಂಪಲ್ ಜೊತೆಗೆ ರಕ್ತವೇ ಇಲ್ಲದ ಒಂದು ಖಾಲಿ ಟ್ಯೂಬನ್ನೂ ಮೊದಲಿನಿಂದ ಕೊನೆಯ ತನಕ ನಡೆಸಬೇಕು. ಈ ಖಾಲಿ ಟ್ಯೂಬು ಇಲ್ಲದ ಫಲಿತಾಂಶವನ್ನು ನಾವು ನಂಬುವುದಿಲ್ಲ. ಕಾರಣ, ಕಿಟ್‌ನ ದ್ರಾವಣಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆ. ರಾಲ್‌ಸ್ಟೋನಿಯಾ, ಬ್ರಾಡಿರೈಜೋಬಿಯಮ್‌ನಂಥ ಮಣ್ಣು–ನೀರಿನ ಜೀವಿಗಳವು. ಸಗಣಿಯಂಥ ಸ್ಯಾಂಪಲ್‌ನಲ್ಲಿ ಅದು ಮುಚ್ಚಿಹೋಗುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಅತಿ ಕಡಿಮೆ, ಹಾಗಾಗಿ ಕಿಟ್‌ನ ಕೊಳೆಯೇ ಎದ್ದು ಕಾಣುತ್ತದೆ. ‘ಕಾಡುಪ್ರಾಣಿಯ ರಕ್ತದಲ್ಲಿ ರಾಲ್‌ಸ್ಟೋನಿಯಾ’ ಎಂದು ಕಂಡರೆ ಮೊದಲು ನೋಡಬೇಕಾದದ್ದು ಖಾಲಿ ಟ್ಯೂಬಿನ ಓದನ್ನು. ಇನ್ನೊಂದು ತುದಿಯ ಪರೀಕ್ಷೆಯೂ ಬೇಕು: ಇಲಿಯದ್ದೇ ಒಂದು ಜೀನ್ ಪಿಸಿಆರ್‌ನಲ್ಲಿ ಏಳುತ್ತದೆಯೇ ಎಂದು. ಅದೂ ಏಳದಿದ್ದರೆ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಇಲ್ಲ ಎಂದಲ್ಲ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅಡ್ಡ ಬಂದಿದೆ ಅಥವಾ ಡಿಎನ್‌ಎಯೇ ಕೈಗೆ ಬಂದಿಲ್ಲ. ಹತ್ತು ಪಟ್ಟು ತೆಳು ಮಾಡಿ ಮತ್ತೆ ನಡೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಬಾರ್ಟೊನೆಲ್ಲಾಗೆ 16ಎಸ್ ಸಾಲದು. ಜಾತಿ ಜಾತಿಗಳ ನಡುವೆ ಆ ಜೀನ್‌ನಲ್ಲಿ ವ್ಯತ್ಯಾಸವೇ ಕಡಿಮೆ. ಜಿಎಲ್‌ಟಿಎ, ಆರ್‌ಪಿಒಬಿ ಎಂಬ ಜೀನ್‌ಗಳು, 16ಎಸ್–23ಎಸ್ ನಡುವಿನ ಭಾಗ, ಇಷ್ಟಾದರೂ ಬೇಕು. ಒಂದೇ ಜೀನ್ ನಂಬಿದರೆ ಏನಾಗುತ್ತದೆ? ಬಾರ್ಟೊನೆಲ್ಲಾಗಳು ತಮ್ಮೊಳಗೆ ಜೀನ್ ಕೊಡು–ಕೊಳ್ಳುವಿಕೆ ನಡೆಸುತ್ತವೆ. ಒಂದು ಜೀನ್ ಪ್ರಕಾರ ಅಣ್ಣ, ಇನ್ನೊಂದರ ಪ್ರಕಾರ ದೂರದ ನೆಂಟ ಎಂಬಂತಾಗುತ್ತದೆ. 2003ರಲ್ಲಿ ಲಾ ಸ್ಕೋಲಾ ಮತ್ತು ಸಂಗಡಿಗರು ಹಾಕಿಕೊಟ್ಟ ಅಳತೆ ಈಗಲೂ ಬಳಕೆಯಲ್ಲಿದೆ: ಜಿಎಲ್‌ಟಿಎಯ 327 ಅಕ್ಷರಗಳ (ಡಿಎನ್‌ಎಯ ಎ, ಟಿ, ಜಿ, ಸಿ) ತುಣುಕಿನಲ್ಲಿ ಹೋಲಿಕೆ ಶೇ. 96.0ಕ್ಕಿಂತ ಕಡಿಮೆ, ಆರ್‌ಪಿಒಬಿಯ 825 ಅಕ್ಷರಗಳಲ್ಲಿ ಶೇ. 95.4ಕ್ಕಿಂತ ಕಡಿಮೆ ಇದ್ದರೆ ಹೊಸ ಜಾತಿ ಎಂದು ಯೋಚಿಸಬಹುದು. ಯೋಚಿಸಬಹುದು, ಅಷ್ಟೇ. ಪೂರ್ತಿ ಜೀನೋಮ್ ಓದಲು ಸಾಧ್ಯವಾದರೆ ಸರಾಸರಿ ಹೋಲಿಕೆ ಶೇ. 95–96ರ ಕೆಳಗಿರಬೇಕು ಎಂಬುದು ಇನ್ನೂ ಗಟ್ಟಿ ಅಳತೆ. ಹೀಮೊಪ್ಲಾಸ್ಮಾಗಳ ಕಷ್ಟ ಬೇರೆ. 16ಎಸ್‌ನಲ್ಲಿ ಶೇ. 99 ಹೋಲಿಕೆ ಇದ್ದೂ ಬೇರೆ ಬೇರೆ ಪ್ರಾಣಿಯಲ್ಲಿ ಬೇರೆ ಬೇರೆ ಜಾತಿಗಳು ಇರಬಲ್ಲವು. ಅಲ್ಲಿ ಆರ್‌ಎನ್‌ಪಿಬಿ ಎಂಬ ಜೀನ್ ನೆರವಿಗೆ ಬರುತ್ತದೆ.

ಜೀನ್‌ನ ಅಕ್ಷರಗಳನ್ನು ಒಂದೊಂದಾಗಿ ಓದುವ ಸ್ಯಾಂಗರ್ ವಿಧಾನದಲ್ಲಿ ಬಂದ ಶಿಖರಗಳ ಚಿತ್ರವನ್ನು ಕಣ್ಣಾರೆ ನೋಡಬೇಕು, ಸಾಫ್ಟ್‌ವೇರ್ ಕೊಟ್ಟ ಅಕ್ಷರಗಳನ್ನಷ್ಟೇ ನಂಬಬಾರದು. ಒಂದೇ ಜಾಗದಲ್ಲಿ ಎರಡು ಶಿಖರ ಎದ್ದಿದ್ದರೆ ಆ ಇಲಿಯಲ್ಲಿ ಎರಡು ಬಗೆಯ ಬಾರ್ಟೊನೆಲ್ಲಾ ಇರಬಹುದು. ಇಲಿಗಳಲ್ಲಿ ಇದು ಸಾಮಾನ್ಯ. ಅದನ್ನು ಗಮನಿಸದೆ ಅಕ್ಷರ ಪೋಣಿಸಿದರೆ, ಎರಡರ ಅರ್ಧರ್ಧ ಸೇರಿ ಲೋಕದಲ್ಲೇ ಇಲ್ಲದ ಮೂರನೆಯದೊಂದು ಹುಟ್ಟುತ್ತದೆ. ಅದು ಯಾವುದಕ್ಕೂ ಹೋಲುವುದಿಲ್ಲವಾದ್ದರಿಂದ ‘ಹೊಸ ಜಾತಿ’ ಎಂದೇ ಕಾಣುತ್ತದೆ. ನಮಗೆ ಗೊತ್ತಿರುವ ತಪ್ಪುಗಳಲ್ಲೆಲ್ಲ ಅತಿ ಹೆಚ್ಚು ಸಂತೋಷ ಕೊಟ್ಟು ಅತಿ ಹೆಚ್ಚು ದುಃಖ ಕೊಡುವುದು ಇದು. ಓದಿದ ಜೀನನ್ನು ಜಗತ್ತಿನ ಜೀನ್ ದಾಖಲೆಗಳಿಗೆ ಹೋಲಿಸುವ ಬ್ಲಾಸ್ಟ್ ಹುಡುಕಾಟದಲ್ಲಿ ಮೊದಲು ಬಂದ ಹೆಸರನ್ನು ಹಾಗೇ ಬರೆದುಕೊಳ್ಳುವುದೂ ಸಲ್ಲ. ಆ ದಾಖಲೆಗಳ ಭಂಡಾರವಾದ ಜೀನ್‌ಬ್ಯಾಂಕಿನಲ್ಲಿ ತಪ್ಪು ಹೆಸರಿನ ದಾಖಲೆಗಳೂ ಇವೆ. ಪ್ರಮಾಣಿತ ತಳಿಗಳ (ಜಾತಿಯ ಹೆಸರಿಗೆ ಆಧಾರವಾದ ಮೂಲ ತಳಿಗಳ) ಜೀನ್‌ಗಳನ್ನಷ್ಟೇ ಆರಿಸಿ, ದೂರದ ನೆಂಟನಾದ ಬ್ರುಸೆಲ್ಲಾವನ್ನು ಹೋಲಿಕೆಗೆ ಹೊರಗುಂಪಾಗಿಟ್ಟು, ವಂಶವೃಕ್ಷ ಕಟ್ಟಿ ನೋಡಬೇಕು.

ಹಾಗಾದರೆ ರಕ್ತದ ಡಿಎನ್‌ಎಯನ್ನೆಲ್ಲ ಒಟ್ಟಿಗೆ ಓದಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಇಲಿಯ ಜೀನೋಮ್ ಸುಮಾರು 270 ಕೋಟಿ ಅಕ್ಷರ, ಬಾರ್ಟೊನೆಲ್ಲಾದ್ದು 20 ಲಕ್ಷದ ಆಸುಪಾಸು. ಓದಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಲಿಯದ್ದೇ ಆಗಿರುತ್ತದೆ. ಸಸ್ತನಿಗಳ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ ಎಂಬುದೊಂದೇ ಸಮಾಧಾನ. ಬಿಳಿ ಕಣಗಳನ್ನು ಮೊದಲೇ ಬೇರ್ಪಡಿಸಿ ತೆಗೆದರೆ ಇಲಿಯ ಪಾಲು ಸಾಕಷ್ಟು ತಗ್ಗುತ್ತದೆ. ಆದರೆ 0.7 ಮಿಲಿಲೀಟರಿನಲ್ಲಿ ಆ ಐಷಾರಾಮಕ್ಕೆ ಎಡೆ ಕಡಿಮೆ.

ಕಲ್ಚರ್ ಮಾಡುವವರಿಗೆ ತಾಳ್ಮೆಯೇ ಮುಖ್ಯ ಸಾಮಗ್ರಿ. ಮೈನಸ್ 80 ಡಿಗ್ರಿಯಲ್ಲಿಟ್ಟ ರಕ್ತ ಕರಗುವಾಗ ಕೆಂಪು ಕಣಗಳು ಒಡೆದು ಬಾರ್ಟೊನೆಲ್ಲಾ ಹೊರಬರುತ್ತದೆ. ಇಲ್ಲಿ ಹೆಪ್ಪುಗಟ್ಟಿಸುವುದು ಉಪಕಾರ. ಕುರಿ ಅಥವಾ ಮೊಲದ ರಕ್ತ ಬೆರೆಸಿದ ಅಗಾರ್, 35 ಡಿಗ್ರಿ, ಶೇ. 5 ಕಾರ್ಬನ್ ಡೈ ಆಕ್ಸೈಡ್, ಒಳಗೆ ಒಂದು ಬಟ್ಟಲು ನೀರು. ಮೊದಲ ಮೂರು ದಿನಗಳಲ್ಲಿ ಎದ್ದದ್ದು ಬಹುತೇಕ ಕಲಬೆರಕೆ. ಬಾರ್ಟೊನೆಲ್ಲಾದ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಒಂದೆರಡು ವಾರಕ್ಕೆ ಕಾಣಿಸಿಕೊಳ್ಳಬಹುದು, ನಾಲ್ಕು ವಾರ ಕಾಯುವುದು ರೂಢಿ. ಅಷ್ಟರಲ್ಲಿ ತಟ್ಟೆ ಒಣಗಬಾರದು, ಬೂಷ್ಟು ಹಿಡಿಯಬಾರದು. ಏನೂ ಬರದಿದ್ದರೆ ಆ ಇಲಿಯಲ್ಲಿ ಇಲ್ಲವೆಂದಲ್ಲ. ಬಾರ್ಟೊನೆಲ್ಲಾ ರಕ್ತದಲ್ಲಿ ಎಲ್ಲ ದಿನವೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಲ್ಯಾಬಿನ ಇಲಿಗಳಿಗೆ ಬಾರ್ಟೊನೆಲ್ಲಾ ಟ್ರೈಬೊಕೋರಮ್ ಚುಚ್ಚಿ ನೋಡಿದಾಗ ಅದು ಕೆಲವೇ ಗಂಟೆಯಲ್ಲಿ ರಕ್ತದಿಂದ ಮಾಯವಾಗಿ, 5ನೇ ದಿನದ ಹೊತ್ತಿಗೆ ಮತ್ತೆ ಬಂದು, ಆಮೇಲೆ ವಾರಗಟ್ಟಲೆ ಕೆಂಪು ಕಣಗಳಲ್ಲಿ ನೆಲೆಸಿತ್ತು.

ಹೀಮೊಪ್ಲಾಸ್ಮಾಗಳನ್ನಂತೂ ತಟ್ಟೆಯಲ್ಲಿ ಬೆಳೆಸಲು ಈ ತನಕ ಆಗಿಲ್ಲ. ಬೆಳೆಸದ ಜೀವಿಗೆ ಪೂರ್ಣ ಹೆಸರಿಲ್ಲ. ‘ಕ್ಯಾಂಡಿಡೇಟಸ್’ ಎಂಬ ಮುನ್ನುಡಿ ಹಚ್ಚಿ ಕರೆಯುತ್ತಾರೆ, 1990ರ ದಶಕದ ಮಧ್ಯಭಾಗದಿಂದ ಬಂದ ಪದ್ಧತಿ ಅದು. 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ನಿಯಮಾವಳಿ ಜೀನೋಮನ್ನೇ ಆಧಾರವಾಗಿಟ್ಟು ಹೆಸರಿಡಲು ದಾರಿ ಮಾಡಿದೆ. ಬೆಳೆದ ಬಾರ್ಟೊನೆಲ್ಲಾಗೆ ಹೆಸರಿಡಬೇಕಾದರೆ ಪ್ರಮಾಣಿತ ತಳಿಯನ್ನು ಎರಡು ದೇಶಗಳ ಎರಡು ಸಂಗ್ರಹಗಳಲ್ಲಿ ಇಡಬೇಕು. ಭಾರತದ ತಳಿ ಹೊರದೇಶಕ್ಕೆ ಹೋಗಲು 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳಿವೆ. ಆ ಕಾಗದಪತ್ರ ಮೊದಲೇ ಶುರು ಮಾಡದಿದ್ದರೆ ಕೆಲಸವೆಲ್ಲ ಮುಗಿದು ಹೆಸರು ಮಾತ್ರ ಬಾಕಿ ಉಳಿಯುತ್ತದೆ. ಉಣುಗಿನಲ್ಲೋ ಚಿಗಟದಲ್ಲೋ ಅದೇ ಜೀನ್ ಸಿಕ್ಕಿತೆಂದು ‘ಇದರಿಂದಲೇ ಹರಡುತ್ತದೆ’ ಎಂದೂ ಬರೆಯಬಾರದು. ಅದು ಕುಡಿದ ರಕ್ತದಲ್ಲಿ ಇದ್ದದ್ದೇ ಆಗಿರಬಹುದು.

ಇಷ್ಟಾದ ಮೇಲೆ ತೋಟದವರು ಕೇಳುವುದು ಒಂದೇ ಪ್ರಶ್ನೆ: ‘ನಮಗೇನಾದರೂ ಆಗುತ್ತದಾ?’ ನ್ಯಾಯವಾದ ಪ್ರಶ್ನೆ. ಇಲಿಯ ರಕ್ತದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ, ಮನುಷ್ಯರ ಜ್ವರದಲ್ಲಿ ಹುಡುಕಬೇಕು. ಆಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ ಬಾಟಲಿಯನ್ನು ಸಾಮಾನ್ಯವಾಗಿ 5 ದಿನ ಇಟ್ಟು, ಏನೂ ಬೆಳೆಯದಿದ್ದರೆ ನೆಗೆಟಿವ್ ಎಂದು ಬರೆಯುತ್ತಾರೆ; ಬಾರ್ಟೊನೆಲ್ಲಾಗೆ ಅಷ್ಟು ದಿನ ಸಾಲದು. ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ, ಸ್ಕ್ರಬ್ ಟೈಫಸ್ ಎಲ್ಲ ನೆಗೆಟಿವ್ ಬಂದು ಜ್ವರ ಬಿಡದ ತೋಟದ ಕೆಲಸಗಾರರಿದ್ದರೆ, ಜ್ವರದ ಮೊದಲ ವಾರದಲ್ಲಿ ಒಂದು ಇಡಿಟಿಎ ರಕ್ತ, ಜೊತೆಗೆ ಒಂದು ಸೀರಮ್. ಎರಡು–ಮೂರು ವಾರ ಬಿಟ್ಟು ಇನ್ನೊಂದು ಸೀರಮ್. ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ, ಮೊದಲಿನ ರಕ್ತದ ಪಿಸಿಆರ್‌ನಲ್ಲಿ ಬಂದ ಜೀನನ್ನು ಅದೇ ತೋಟದ ಇಲಿಯ ಜೀನ್ ಪಕ್ಕದಲ್ಲಿಟ್ಟು ನೋಡಬೇಕು. ಕಷ್ಟವಿರುವುದು ಆ ಎರಡನೇ ಸೀರಮ್‌ನಲ್ಲಿ. ಜ್ವರ ಇಳಿದವರು ಕೂಲಿ ಬಿಟ್ಟು ಮತ್ತೆ ಆಸ್ಪತ್ರೆಗೆ ಬರುವುದಿಲ್ಲ. ಹಾಗಾಗಿ ರಕ್ತ ತೆಗೆಯುವವರೇ ಕಾಫಿ ಹಣ್ಣು ಕೊಯ್ಯುವ ಹೊತ್ತು ಮುಗಿದ ಮೇಲೆ, ಸಂಜೆ ಅದನ್ನು ತೂಕ ಹಾಕುವ ಜಾಗಕ್ಕೆ ಹೋಗಬೇಕು.